ಕೆಳದಂಡೆಯ ಕರೆಗೆ ಪಟ್ಟಿಯಲ್ಲಿ ಜಾಗವಿಲ್ಲ

ಲೀನಾಳಿಗೆ ಕಂಪ್ಯೂಟರು ಕಲಿಸಿದವರು ಯಾರೂ ಇಲ್ಲ. ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಗಳು. ದಾಂಡೇಲಿಯ ಝೆರಾಕ್ಸ್ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಲಿತದ್ದು. ಈಗ ವಯಸ್ಸು ಮೂವತ್ತೆಂಟು. ಗಣೇಶಗುಡಿಯಲ್ಲಿ, ನದಿ ಏರಿದರೆ ಸೈರನ್ ಊದಿಸುವ ಖಾಸಗಿ ಕಂಪನಿಯೊಂದರಲ್ಲಿ ಗುತ್ತಿಗೆ ಕೆಲಸ.

ಅಲ್ಲಿರುವುದು ಒಂದೇ ಕಂಪ್ಯೂಟರು. ಅದರೊಳಗೆ ಸಾಫ್ಟ್‌ವೇರಿನಿಂದ ಕಟ್ಟಿದ ಇನ್ನೊಂದು, ವರ್ಚುವಲ್ ಮಷೀನ್ ಅನ್ನುತ್ತಾರೆ. ಐದು ದಂಡೆಗಳಲ್ಲಿ ನೀರಿನ ಮಟ್ಟ ನೋಡುವ ಅಳತೆಯಂತ್ರಗಳ ಕಾರ್ಡುಗಳನ್ನು ನೇರವಾಗಿ ಈ ಒಳಗಿನದರ ಕೈಗೇ ಕೊಟ್ಟಿದೆ. ನೀರು ಏರಿದರೆ ಕಾರ್ಡು ‘ಇತ್ತ ನೋಡು’ ಎಂದು ಕೆಲಸ ತಡೆದು ಕರೆಯುತ್ತದೆ, ಅದೇ ಇಂಟರಪ್ಟ್. ಯಾವ ಕರೆ ಎಲ್ಲಿಗೆ ಹೋಗಬೇಕೆಂಬುದಕ್ಕೆ ಪಟ್ಟಿಯೊಂದಿದೆ. ಅದರಲ್ಲಿ ಇಷ್ಟೇ ಜಾಗ ಸಾಕು ಎಂದು ಯಾರೋ ಎಂದೋ ನಿಗದಿ ಮಾಡಿಬಿಟ್ಟಿದ್ದಾರೆ.

ಈ ಮಾರ್ಚಿನಲ್ಲಿ ರೆಸಾರ್ಟಿನ ದಂಡೆಗೆ ಹೊಸ ಕಾರ್ಡು ಬಂತು. ಅದೊಂದೇ ಪಟ್ಟಿಯ ಮೂವತ್ತೆರಡು ಜಾಗ ನುಂಗಿತು. ಮರುದಿನ ತಿಂಗಳ ಪರೀಕ್ಷೆಗೆಂದು ರಾಫ್ಟಿಂಗ್ ಗೈಡ್ ಅಂಕುಶ ಕೆಳದಂಡೆಯ ಅಳತೆಯಂತ್ರವನ್ನು ಬಕೆಟ್ ನೀರಿಗೆ ಅದ್ದಿದ. ಇತ್ತ ಆಫೀಸಿನಲ್ಲಿ ಕಾರ್ಡಿನ ದೀಪ ಮಿಟುಕಿತು, ಸೈರನ್ ಮಾತ್ರ ಊದಲಿಲ್ಲ. ಕೆಳದಂಡೆ ಎಂದರೆ ಕೂಲಿಕಾರರ ಕೇರಿಯ ಹೆಂಗಸರು ಬಟ್ಟೆ ಒಗೆಯುವ ಜಾಗ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮೊಣಕಾಲಿಗಿದ್ದದ್ದು ಎದೆಗೇರಲು ಹೆಚ್ಚು ಹೊತ್ತು ಬೇಡ.

ಲೀನಾ ಮ್ಯಾನೇಜರ್ ಸಂಜೀವಕುಮಾರನಿಗೆ ಹೇಳಿದಳು: “ಸರ್, ಪಟ್ಟಿ ತುಂಬೇತ್ರಿ. ಮಿತಿ ಏರಿಸಿ, ಎಲ್ಲಾ ಬಂದ್ ಮಾಡಿ ಚಾಲೂ ಮಾಡಬೇಕ್ರಿ. ಇಪ್ಪತ್ತ ನಿಮಿಷ.”

“ರಾಫ್ಟಿಂಗ್ ಸೀಜನ್ದಾಗ ಬಂದ್? ತಲಿ ಕೆಟ್ಟೈತೇನವಾ? ಮಳಿಗಾಲದಾಗ ನೋಡೂಣು.”

“ಅಲ್ಲೀತನಕಾ ಅರಿವಿ ಒಗೀಬ್ಯಾಡ್ರಿ ಅಂತ ನೀವ ಹೋಗಿ ಹೇಳಿ ಬರ್ರಿ.”

“ಆ ಕೇರಿಯವ್ರು ಕಂಪ್ಲೇಂಟ್ ಕೊಟ್ಟಾರೇನು?”

ಕೊಟ್ಟಿರಲಿಲ್ಲ. ಊದದ ಸೈರನ್ನಿನ ಮೇಲೆ ದೂರು ಕೊಡುವವರು ಯಾರು? ಪಟ್ಟಿ ತುಂಬಿದಾಗ ಹೊರಗುಳಿಯುವವರು ಇವರೇ ಏಕೆ ಎಂದು ಯಂತ್ರವನ್ನು ಕೇಳಿ ಫಲವಿಲ್ಲ. ಕೆಳದಂಡೆಗೆ ಕೊನೆಯ ಸರದಿ ಎಂದು ಬರೆದದ್ದು ಮನುಷ್ಯರು.

ಮರುದಿನ ಬೆಳಿಗ್ಗೆ ಲೀನಾ ಅಂಕುಶನಿಗೆ ಫೋನ್ ಮಾಡಿದಳು. “ಇಪ್ಪತ್ತ ನಿಮಿಷ ಯಂತ್ರ ಕಿವುಡ ಇರ್ತೈತಿ. ದಂಡಿಗೊಬ್ರಂಗ ಐದ ಮಂದಿ ನಿಂದರ್ರಿ. ನೀರ ಏರಿದ್ರ ಸೀಟಿ ಹೊಡೀರಿ.”

“ನಮಗೇನ ಕೊಡ್ತಿ?”

“ಚಹಾ.”

“ಬಿಸ್ಕೀಟ ಇಲ್ಲಂದ್ರ ನಿನ್ನ ನದಿ ನೀನ ಕಾಯ್ಕೋ!”

ಐವರು ಗೈಡುಗಳೂ ದಂಡೆಗೊಬ್ಬರಂತೆ ನಿಂತರು. ಬದಲಿಸಬೇಕಾದದ್ದು ಪಟ್ಟಿಯ ಮಿತಿ ಹೇಳುವ ಒಂದೇ ಅಂಕಿ. ಲೀನಾ ಅದನ್ನು ನಾಲ್ಕು ಪಟ್ಟು ಏರಿಸಿದಳು. ಸಾಫ್ಟ್‌ವೇರನ್ನು ಹೊಸದಾಗಿ ಕಟ್ಟಿ, ಯಂತ್ರ ಬಂದ್ ಮಾಡಿ ಮತ್ತೆ ಹಚ್ಚಿದಳು. ಹದಿನೈದನೆಯ ನಿಮಿಷಕ್ಕೆ, ಸುದ್ದಿ ತಿಳಿದು ಸಂಜೀವಕುಮಾರ ಬಂದ. ಕೈಯಲ್ಲಿ ನೋಟೀಸು.

“ಮುಂದ ನಿನ್ನ ಗುತ್ತಿಗಿ ಇಲ್ಲ, ತಿಳ್ಕೋ.”

“ತಿಳ್ಕೊಂಡೇನ್ರಿ. ಇನ್ನೈದ ನಿಮಿಷ ಸುಮ್ಮಿರ್ರಿ.”

ಪರದೆ ಬೆಳಗಿತು. ಲೀನಾ ಫೋನಿನಲ್ಲಿ ಹೇಳಿದೊಡನೆ ಅಂಕುಶ ಕೆಳದಂಡೆಯ ಅಳತೆಯಂತ್ರವನ್ನು ಬಕೆಟ್ಟಿಗೆ ಅದ್ದಿದ. ಸೈರನ್ ಫೋನಿನಲ್ಲೇ ಕಿವಿಗೆ ಬಡಿಯಿತು, ಹಿಂದೆಯೇ ಕೇರಿಯ ಶಿವವ್ವನ ದನಿ: “ಯಾಂವ ಊದಾಂವ? ಅರ್ಧಾ ಅರಿವಿ ನೀರಾಗ ಬಿಟ್ಟ ಓಡಿಬಂದ್ವಲ್ಲೋ, ಹಾಟ್ಯಾ!”

“ಎಲ್ಲಾರೂ ಮ್ಯಾಲ ಬಂದ್ರು. ಬೈಲಿಕತ್ತಾರ,” ಎಂದ ಅಂಕುಶ.

“ಬೈಲಿ ಬಿಡು,” ಎಂದು ಲೀನಾ ನೋಟೀಸಿಗೆ ಸಹಿ ಹಾಕಿದಳು.