ಅಕ್ಕ ಸಾಕಿದ ಮೊಂಡು ಕೋಶಗಳು

ನಮ್ಮಕ್ಕನಿಗೆ ಆಸ್ಪತ್ರೆಯಲ್ಲಿ ಕೆಲಸ ಎಂದ ಕೂಡಲೇ ಜನ ನರ್ಸಾ ಎಂದು ಕೇಳುತ್ತಾರೆ. ಅಲ್ಲ ಮಾರಾಯರೇ! ಹಿಂಭಾಗದ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಸಾಕುವುದು ಅವಳ ಕೆಲಸ. ಚಪ್ಪಟೆ ಸೀಸೆಯಲ್ಲಿ ಗುಲಾಬಿ ಬಣ್ಣದ ಆಹಾರ ಹಾಕಿ, ಬೆಚ್ಚಗಿಟ್ಟು, ಎರಡು ದಿನಕ್ಕೊಮ್ಮೆ ಬದಲಿಸುತ್ತಾಳೆ. ಭಾನುವಾರವೂ ಓಡುತ್ತಾಳೆ. ಕೋಶಗಳಿಗೆ ಭಾನುವಾರ ಗೊತ್ತಿಲ್ಲವಂತೆ.

ಅದರಲ್ಲಿ ಒಂದು ಸೀಸೆ ಅವಳ ಮುದ್ದಿನದು. ಅದರ ಆಹಾರಕ್ಕೆ ಚೂರೇ ಚೂರು ಕ್ಯಾನ್ಸರ್ ಔಷಧಿ ಬೆರೆಸಿ, ಬದುಕುಳಿದ ಕೋಶಗಳಿಗೆ ಇನ್ನೊಂದಿಷ್ಟು ಹೆಚ್ಚಿಸಿ, ಹೀಗೆ ಹನ್ನೊಂದು ತಿಂಗಳು ಪಳಗಿಸಿದ್ದಳು. ಕೊನೆಗೆ ಉಳಿದವು ಶುದ್ಧ ಮೊಂಡುಗಳು. ಅವುಗಳ ಹೊರಪೊರೆಯ ತುಂಬ ಪಿ-ಗ್ಲೈಕೊಪ್ರೋಟೀನ್ ಎಂಬ ಪ್ರೋಟೀನ್. ಒಳಗೆ ಬಂದ ಔಷಧಿಯನ್ನು ಕತ್ತು ಹಿಡಿದು ಆಚೆ ದಬ್ಬುವುದೇ ಅದರ ಕಸುಬು. ಅಕ್ಕ ಅದನ್ನು ‘ಬಾಗಿಲವನು’ ಎನ್ನುತ್ತಾಳೆ. ಅವನನ್ನು ತಡೆಯುವ ದಾರಿ ಹುಡುಕುವವರಿಗೆ ಇಂಥ ಕೋಶಗಳೇ ಬೇಕು.

ಆಮೇಲೆ ಆ ಬಾಗಿಲವನು ನಮ್ಮ ಮನೆಗೇ ಬಂದ. ಅಮ್ಮನ ಕ್ಯಾನ್ಸರ್ ಗೆಡ್ಡೆಗೆ ಮೊದಲು ಚೆನ್ನಾಗಿ ನಾಟಿದ ಔಷಧಿ ಇದ್ದಕ್ಕಿದ್ದಂತೆ ನಾಟದಾಯಿತು. ಬಾಗಿಲವನಿಗೆ ಗುರುತು ಸಿಗದ ಬೇರೆ ಔಷಧಿ ಕೊಡೋಣ ಎಂದರು ಡಾಕ್ಟರು. ಅಮ್ಮ ಒಲ್ಲೆ ಎಂದಳು.

“ನಾನೇ ಕೆಡಿಸ್ಕೊಂಡೆ. ಎರಡು ಸಲ ಮಾತ್ರೆ ವಾಂತಿ ಆಗಿತ್ತು, ಯಾರಿಗೂ ಹೇಳಲಿಲ್ಲ. ಇದನ್ನೂ ಯಾಕೆ ಹಾಳು ಮಾಡ್ಲಿ?”

ನನಗೆ ಕೋಪ ಮೂಗಿನ ತುದಿಯಲ್ಲೇ. “ಸಾಯ್ತೀಯೇನಮ್ಮ ಹಾಗಾದ್ರೆ?” ಎಂದು ಕಿರುಚಿಬಿಟ್ಟೆ. ಅಕ್ಕ ಕಿರುಚಲಿಲ್ಲ. “ತಪ್ಪು ನಿಂದಲ್ಲ. ಕಣ್ಣಾರೆ ತೋರಿಸ್ತೀನಿ ಬಾ,” ಎಂದಳು.

ಅಮ್ಮನ ಆರೈಕೆಗೆಂದು ಅವಳು ಎರಡು ತಿಂಗಳು ರಜೆಯಲ್ಲಿದ್ದಳು. ಕೆಲಸಕ್ಕೆ ಮರಳಿದ ದಿನವೇ ಮೇಲಿನವರ ಅನುಮತಿ ಪಡೆದು ನಮ್ಮಿಬ್ಬರನ್ನೂ ಕತ್ತಲೆ ಕೋಣೆಯ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಕೋಶಗಳಿಗೆ ಒಂದು ಬಣ್ಣ ಕುಡಿಸಿದ್ದಳು. ಔಷಧಿಗೆ ಪಳಗದ ಸಾಧು ಕೋಶ ಅದನ್ನು ಒಳಗಿಟ್ಟುಕೊಂಡು ಹಸಿರಾಗಿ ಹೊಳೆಯುತ್ತದೆ. ಮೊಂಡು ಕೋಶದಲ್ಲಿ ಬಾಗಿಲವನು ಬಣ್ಣವನ್ನೂ ಆಚೆ ದಬ್ಬುವುದರಿಂದ ಬರೀ ಕತ್ತಲೆ.

ಸಾಧುಗಳ ಮೊದಲ ಸೀಸೆ ಹೊಳೆಯಿತು. ಮೊಂಡುಗಳಿದ್ದ ಎರಡನೆಯದಕ್ಕೆ ಬಗ್ಗಿದ ಅಕ್ಕ ಬಗ್ಗಿದಂತೆಯೇ ಉಳಿದಳು. ಅದೂ ಹೊಳೆಯುತ್ತಿತ್ತು.

ರಜೆಯಲ್ಲಿ ಸೀಸೆ ನೋಡಿಕೊಂಡಿದ್ದ ಪಕ್ಕದ ಮೇಜಿನವಳು ಕೈ ಹಿಸುಕಿಕೊಂಡಳು. “ತುಂಬಾ ಸಾಯ್ತಿದ್ವು, ಪಾಪ. ನೀವು ಬರೋ ತನಕ ಬದುಕಿರ್ಲಿ ಅಂತ ಔಷಧಿ ಬಿಟ್ಟು ಬರೀ ಊಟ ಹಾಕ್ದೆ.” ಔಷಧಿಯ ಕಾಟವೇ ಇಲ್ಲದ ಮೇಲೆ ಬಾಗಿಲವನಿಗೇನು ಕೆಲಸ? ಕೋಶಗಳು ಅವನನ್ನು ಕೈಬಿಟ್ಟಿದ್ದವು.

“ಪಾಪವಂತೆ ಪಾಪ!” ಎಂದು ನಾನು ಅವಳ ಮೇಲೆ ಎಗರಿದೆ.

“ಸುಮ್ನಿರೇ,” ಎಂದಳು ಅಕ್ಕ. “ಅವಳೇನು ಬೇಕಂತ ಮಾಡಿದ್ಲಾ? ನಾಲ್ಕನೇ ತಿಂಗಳಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದು ಒಂದು ಡಬ್ಬಿ ಇದೆ. ಅಲ್ಲಿಂದ ಮತ್ತೆ ಶುರು ಮಾಡ್ತೀನಿ.”

ಅಮ್ಮ ಅಕ್ಕನನ್ನೇ ನೋಡುತ್ತಿದ್ದಳು. “ಏಳು ತಿಂಗಳ ಕೆಲಸ ಹೋಯ್ತಲ್ಲೇ. ಬೇಜಾರಾಗಲ್ವಾ?”

“ಅಳುನೇ ಬರ್ತಿದೆ ಕಣಮ್ಮ. ಅತ್ಕೊಂಡೇ ಮಾಡ್ತೀನಿ.”

ಬಸ್ಸು ಇಳಿದ ಮೇಲೆ ಅಮ್ಮ ಹೇಳಿದಳು: “ಸೋಮವಾರ ಕರ್ಕೊಂಡು ಹೋಗ್ರೆ. ತಪ್ಪು ನಂದೇ ಇರ್ಲಿ, ಆ ಹೊಸ ಔಷಧಿ ಚುಚ್ಚಿಸ್ಕೋತೀನಿ.”

ಆಮೇಲೆ ಮನೆಯಲ್ಲಿ ಇಬ್ಬರದೂ ಪೈಪೋಟಿ. ಅಕ್ಕ ಸೀಸೆಗೆ ಔಷಧಿ ಏರಿಸುತ್ತ ಹೋದಳು, ಅಮ್ಮ ಹೊಸ ಔಷಧಿಯ ಸರದಿಗಳನ್ನು ಮುಗಿಸುತ್ತ ಹೋದಳು. ತಲೆಗೂದಲು ಉದುರಿ, ಬಾಯಿ ಹುಣ್ಣಾಗಿ ಊಟ ಸೇರದಿದ್ದಾಗಲೂ “ನಿಂದು ಎಲ್ಲಿಗೆ ಬಂತೇ?” ಎಂದು ಕೇಳುವುದನ್ನು ಅಮ್ಮ ಬಿಡಲಿಲ್ಲ. ಗೆಡ್ಡೆ ಪೂರ್ತಿ ಹೋಗಲಿಲ್ಲ, ಆದರೆ ಕುಗ್ಗಿತು.

ಏಳು ತಿಂಗಳ ನಂತರ ತಲೆಗೆ ಬಟ್ಟೆ ಸುತ್ತಿಕೊಂಡು ಅಮ್ಮ ಮತ್ತೆ ಅದೇ ಸ್ಟೂಲಿನ ಮೇಲೆ ಕೂತಳು. ಮೊದಲ ಸೀಸೆ ಹಸಿರು. ಎರಡನೆಯದರಲ್ಲಿ ಕಗ್ಗತ್ತಲೆ.

“ದೀಪ ಆರಿಸಿದ್ದೀಯೇನೆ?”

ಅಕ್ಕ ಮಾಮೂಲಿ ಬೆಳಕು ಹಾಕಿದಳು. ಕೋಶಗಳು ಒತ್ತೊತ್ತಾಗಿ ತುಂಬಿದ್ದವು. ಬೆಳಕು ಆರಿಸಿದಳು, ಮತ್ತೆ ಕತ್ತಲೆ.

“ಇವಕ್ಕೆ ಒಂದು ದಿನಾನೂ ಔಷಧಿ ತಪ್ಪಿಸಿಲ್ಲಮ್ಮ.”

“ಒಂದು ದಿನಾನೂ?”

“ಒಂದು ದಿನಾನೂ ಇಲ್ಲ. ನಾನೇ ಹಾಕಿದೀನಿ, ನನ್ನ ಕೈಯಾರೆ. ಆದ್ರೂ ಮೊಂಡಾದ್ವು.”

ಅಮ್ಮ ಮತ್ತೆ ಬಗ್ಗಿ ಆ ಕತ್ತಲೆಯನ್ನೇ ನೋಡಿದಳು.

“ಹಾಗಾದ್ರೆ ಕೆಡಿಸಿದ್ದು ನಾನಲ್ಲ,” ಎಂದಳು.