ಶಿರೀನ್ ಮುಂದಿನ ಬೆಂಚಿಗೆ

ಗರುಡಾಚಾರ್‌ಪಾಳ್ಯದ ಅಂಬುಜಾ ಟೀಚರ್ ಹತ್ತೊಂಬತ್ತು ವರ್ಷದಿಂದ ಎರಡನೇ ಕ್ಲಾಸಿಗೇ ಪಾಠ ಮಾಡ್ತಿದ್ದಾರೆ. ಮನೇಲಿ ತಮಿಳು, ತೆಲುಗು, ಉರ್ದು ಆಡೋ ಮಕ್ಕಳಿಗೆ ಕನ್ನಡದಲ್ಲಿ ಕಳೆಯೋ ಲೆಕ್ಕ ತಲೆಗೆ ಹತ್ತಿಸೋದು ಅಂದ್ರೆ ಹುಡುಗಾಟವಾ? ಹುಣಸೆ ಬೀಜ ಹತ್ತತ್ತು ಸೇರಿಸಿ ಬಟ್ಟೇಲಿ ಗಂಟು ಕಟ್ಟಿಕೊಂಡು ಬರೋರು. ಕಳೆಯುವಾಗ ಬಿಡಿ ಬೀಜ ಸಾಲದೇ ಹೋದರೆ ಮಗುವೇ ಒಂದು ಗಂಟು ಬಿಚ್ಚಬೇಕು. ಯಾವ ಪಾಠ ಯಾವ ಮಗುವಿಗೆ ಹೇಗೆ ಹತ್ತಿತು, ಯಾರು ಎಲ್ಲಿ ಮುಗ್ಗರಿಸಿದರು, ಎಲ್ಲವನ್ನೂ ಸಂಜೆ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡೋರು.

ಮೂರು ವರ್ಷದ ಹಿಂದೆ ಭಾರ್ಗವ್ ಅಂತ ಒಬ್ಬ ಬಂದ. ಶಿಕ್ಷಕರಿಗೆ ಕೈಪಿಡಿ ಮಾಡಿಕೊಡೋ ಟ್ರಸ್ಟಿನವನು. ನೋಟ್‌ಬುಕ್ ನೋಡಿ ಕಣ್ಣರಳಿಸಿದ.

"ಮೇಡಂ, ಇದು ಚಿನ್ನ! ಒಂದ್ ವಾರ ಕೊಡಿ, ವಾಪಸ್ ತಂದ್ಕೊಡ್ತೀನಿ. ನಿಮ್ಮ ಹೆಸ್ರು ಮೊದಲನೇ ಪುಟದಲ್ಲೇ ಹಾಕಿಸ್ತೀನಿ."

ಕೊಟ್ಟುಬಿಟ್ಟರು. ಹೆಸರಿನ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತೆ. ಹಾರ ತುರಾಯಿ ಏನೂ ಬೇಡ, ಅಚ್ಚಾದ ಪುಸ್ತಕದಲ್ಲಿ ತಮ್ಮ ಹೆಸರು ಒಂದು ಸಾಲು ಇದ್ದರೆ ಸಾಕು ಅಂತ ಗಂಡ ಕೃಷ್ಣಸ್ವಾಮಿ ಹತ್ತಿರ ನೂರು ಸಲ ಹೇಳಿದ್ದರು.

ವಾರ ಹೋಗಿ ವರ್ಷಗಳಾದವು. ಫೋನ್ ಮಾಡಿದರೆ ಆ ಪುಣ್ಯಾತ್ಮ "ಮೀಟಿಂಗಲ್ಲಿದೀನಿ ಮೇಡಂ" ಅನ್ನೋನು. ಕೊನೆಗೆ ಈ ಜೂನ್‌ನಲ್ಲಿ ಕೈಪಿಡಿ ಬಂತು. ನುಣುಪು ಹಾಳೆ, ಬಣ್ಣದ ಚಿತ್ರ. ಬೀಜದ ಗಂಟು ಅವರದೇ, ಬಿಚ್ಚಿಸೋ ಕ್ರಮ ಅವರದೇ, ವಾಕ್ಯಗಳೂ ಅವರವೇ. ಮೊದಲ ಪುಟದಲ್ಲಿ ಹನ್ನೊಂದು ಹೆಸರಿದ್ದವು. ಅಂಬುಜಾ ಮೂರು ಸಲ ಓದಿದರು. ಅವರದಿರಲಿಲ್ಲ.

ನಲವತ್ತನೇ ಪುಟದಲ್ಲಿ ಇನ್ನೂ ಸೋಜಿಗ. "ಶಿರೀನ್‌ಳನ್ನು ಮುಂದಿನ ಬೆಂಚಿನಲ್ಲಿ ಕೂರಿಸುವುದು" ಅಂತ ಅಚ್ಚಾಗಿತ್ತು. ಬೋರ್ಡು ಸರಿಯಾಗಿ ಕಾಣದ ಒಂದು ಮಗುವಿನ ಬಗ್ಗೆ ತಮಗೆ ತಾವೇ ಬರೆದುಕೊಂಡಿದ್ದ ಮಾತು ಅದು. ಅಯ್ಯೋ ದೇವ್ರೇ, ಕದಿಯೋರು ಒಂದ್ಸಲ ಓದಿಯಾದರೂ ಕದಿಯಬಾರದಾ?

ಆಗಸ್ಟ್‌ನಲ್ಲಿ ಟ್ರಸ್ಟಿನ ಕಡೆಯಿಂದ ಆಶ್ರಿತಾ ಅನ್ನೋ ಹುಡುಗಿ, ಪಾಠ ಕೈಪಿಡಿಯಂತೆ ನಡೀತಿದೆಯಾ ಅಂತ ಪರಿಶೀಲನೆಗೆ ಬಂದಳು. ಕೈಪಿಡಿ ನೋಡಿ ಮಾಡಿದ ಪ್ರಶ್ನೆಗಳ ಪಟ್ಟಿ ಅವಳ ಕೈಯಲ್ಲಿತ್ತು. ಜೊತೆಗೆ ಹೆಡ್‌ಮಾಸ್ಟರ್ ಭಗವಂತರಾಯರು.

"ಶಿರೀನ್ ಎಲ್ಲಿ ಮೇಡಂ? ಮುಂದಿನ ಬೆಂಚಲ್ಲಿ ಕಾಣ್ತಿಲ್ವಲ್ಲ?"

"ಆ ಮಗು ಕನ್ನಡಕ ಹಾಕ್ಕೊಂಡು ಏಳನೇ ಕ್ಲಾಸಲ್ಲಿದೆ ಕಣಮ್ಮ! ಅದನ್ನ ಬರೆದೋಳು ನಾನು. ಈ ಪುಸ್ತಕಾನೇ ನನ್ನ ನೋಟ್‌ಬುಕ್ಕು!" ಅಂಬುಜಾ ಹೆಡ್‌ಮಾಸ್ಟರ್ ಕಡೆ ಕೈ ತೋರಿಸಿದರು. "ಕೇಳಿ ಬೇಕಾದ್ರೆ, ನಾನು ಬರೆಯೋದನ್ನ ನಮ್ಮ ಸಾರ್ ದಿನಾ ನೋಡಿದಾರೆ."

ಆಶ್ರಿತಾ ಹೆಡ್‌ಮಾಸ್ಟರ್ ಕಡೆ ತಿರುಗಿದಳು. ಭಗವಂತರಾಯರು ನೆಲ ನೋಡಿದರು.

"ಇರ್ಲಿ ಬಿಡಿ ಟೀಚರ್," ಅಂದರು. "ಟ್ರಸ್ಟಿನೋರು ಸ್ಕೂಲಿಗೆ ಕಂಪ್ಯೂಟರ್ ಕೊಡ್ತೀವಿ ಅಂದಿದಾರೆ. ಈಗ್ಯಾಕೆ ಅದೆಲ್ಲಾ?"

ಹತ್ತೊಂಬತ್ತು ವರ್ಷ ಜೊತೆಗೆ ಟೀ ಕುಡಿದ ಮನುಷ್ಯ! ಅಂಬುಜಾಗೆ ಭಾರ್ಗವ್ ಮೇಲೆ ಬಾರದಷ್ಟು ಸಿಟ್ಟು ಅವರ ಮೇಲೆ ಬಂತು.

ಆಶ್ರಿತಾ ಪಾಪ ಕೆಟ್ಟವಳೇನಲ್ಲ. "ನಂಗೆ ಅದೆಲ್ಲಾ ಗೊತ್ತಿಲ್ಲ ಮೇಡಂ. ಇದ್ರಲ್ಲಿ ಹೌದು, ಇಲ್ಲ, ಎರಡೇ ಇರೋದು," ಅಂತ ಶಿರೀನ್ ಪ್ರಶ್ನೆಯ ಎದುರು "ಇಲ್ಲ" ಅನ್ನೋದಕ್ಕೆ ಗುರುತು ಹಾಕಿ ಹಾಳೆ ಮುಂದೆ ಹಿಡಿದಳು. "ಪೂರ್ತಿ ಹೆಸ್ರು ಬರ್ದು ಸೈನ್ ಮಾಡಿ."

ಅಂಬುಜಾ ಬರೆದರು. ಆ ಪುಸ್ತಕದ ಜೊತೆ ಅವರ ಹೆಸರು ಸೇರಿದ್ದು ಅವತ್ತೇ ಮೊದಲು, ಕೈಪಿಡಿಯಂತೆ ಪಾಠ ಮಾಡದ ಶಿಕ್ಷಕಿ ಅಂತ.