ಉಪ್ಪು ಹಾಕಿದ ಹುಲ್ಲು

ಬಳ್ಳಾರಿಯ ನಮ್ಮ ಮನೆ ಹಿತ್ತಲಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಓಣಿಗೆಲ್ಲ ಹಾಲು ಹಾಕುವವಳು ನಾನು. ಅವುಗಳ ವರ್ಷದ ಹುಲ್ಲು ಸಿರುಗುಪ್ಪದಿಂದ ಬರುತ್ತಿತ್ತು. ಅಲ್ಲಿ ಮೈದುನ ಗದ್ದೆ ಮಾಡುತ್ತಾನೆ. ಭತ್ತ ಕೊಯ್ದ ಮೇಲೆ ಅವನ ಹೆಂಡತಿ, ನನ್ನ ನೆಗೆಣ್ಣಿ, ಒಂದು ಟ್ರ್ಯಾಕ್ಟರ್ ಹುಲ್ಲು ಹೇರಿ ಕಳಿಸುತ್ತಿದ್ದಳು. ನಾನು ಬಾಯಿಬಿಟ್ಟು ಕೇಳಿದ್ದೇ ಇಲ್ಲ.

ಈ ಸಲ ಹುಲ್ಲು ಬರಲಿಲ್ಲ, ಅವಳೇ ಬಂದಳು. ಅದೂ ಕಾರಿನಲ್ಲಿ. ಕುರುಗೋಡಿನ ಹತ್ತಿರ ಹುಲ್ಲಿನಿಂದ ಗ್ಯಾಸ್ ತೆಗೆಯುವ ಹೊಸ ಪ್ಲಾಂಟ್ ಶುರುವಾಗಿದೆ. ಅದಕ್ಕೆ ಹುಲ್ಲು ಒದಗಿಸಲು ಸಿರುಗುಪ್ಪದ ಹೆಂಗಸರು ಸಂಘ ಕಟ್ಟಿದ್ದಾರೆ; ಇವಳು ಅದಕ್ಕೆ ಅಧ್ಯಕ್ಷೆ. ಬಳ್ಳಾರಿಯಲ್ಲಿ ಮೀಟಿಂಗ್ ಮುಗಿಸಿ ಬಂದಿದ್ದಳು. ಕೊರಳಲ್ಲಿ ಫೋಟೊ ಇದ್ದ ಕಾರ್ಡು. ಅದನ್ನು ತೆಗೆಯದೆಯೇ ನಾನು ಮಾಡಿದ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದಳು.

“ಮುಂದ ನಮ್ಮ ಕಡೀಗೆ ಹಸಿರು ಹೈಡ್ರೋಜನ್ನೂ ಬರ್ತೈತಂತ ಅಕ್ಕಾ. ಬಿಸಿಲಿನ ಕರೆಂಟಿನಿಂದ ನೀರು ಒಡದು ತಗೀತಾರಂತ. ನಮ್ಮಲ್ಲಿ ಬಿಸಿಲಿಗೇನು ಕಮ್ಮಿ?”

“ಹಸಿರು ಅಂದ್ರ ನಮ್ಮ ಎಮ್ಮಿ ತಿಂತಾವೇನು ಅದನ್ನ?” ಅಂದೆ.

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

“ಮತ್ತ ನಮ್ಮ ಹುಲ್ಲು?”

“ಈ ಸಲ ಎಲ್ಲಾ ಪ್ಲಾಂಟಿಗೆ ಒಪ್ಕೊಂಡೀವಿ ಅಕ್ಕಾ. ಉಳದ್ರ ನೋಡ್ತೀನಿ.”

ಉಳದ್ರ! ಆ ಮಾತು ಪಾತ್ರೆ ತಿಕ್ಕುವಾಗಲೂ ಹಾಲು ಅಳೆಯುವಾಗಲೂ ತಲೆಯಲ್ಲಿ ತಿರುಗುತ್ತಿತ್ತು. ಪೇಟೆಯಲ್ಲಿ ಹುಲ್ಲು ಕೊಂಡು ಎಮ್ಮೆ ಸಾಕುವುದು ಆಗದ ಮಾತು. ಒಂದನ್ನಾದರೂ ಮಾರಬೇಕಾಗುತ್ತಿತ್ತು.

ನಿಜ ಹೇಳಬೇಕೆಂದರೆ ನನ್ನ ಹೊಟ್ಟೆಯುರಿ ಹುಲ್ಲಿಗಷ್ಟೇ ಅಲ್ಲ. ಹಿರೇ ಸೊಸೆ ನಾನು. ಆದರೆ ಬಣವೆ ಒಟ್ಟುವಾಗ ನಮ್ಮತ್ತೆ ಉಪ್ಪಿನ ಬುಟ್ಟಿ ಕೊಡುತ್ತಿದ್ದುದು ಅವಳ ಕೈಗೆ. ಹುಲ್ಲಿನ ಮೇಲೆ ಹನಿ ಬಿದ್ದಿದ್ದರೆ ಒಂದೊಂದು ವರಸೆಗೂ ಉಪ್ಪು ಉದುರಿಸಬೇಕು. ಹುಲ್ಲು ಮುಗ್ಗುವುದಿಲ್ಲ, ದನ ಇಷ್ಟಪಟ್ಟು ತಿನ್ನುತ್ತವೆ. “ಅಕೀ ಕೈ ಹದವಾಗಿ ಬೀಳ್ತೈತಿ, ನೀ ಹುಲ್ಲು ಎತ್ತಿ ಕೊಡು” ಅನ್ನುತ್ತಿದ್ದರು ಅತ್ತೆ. ನಾನು ಎತ್ತಿ ಕೊಡುತ್ತಿದ್ದೆ. ಹುಲ್ಲಿನ ಧೂಳು ನನ್ನ ಕಣ್ಣಿಗೆ, ಹೊಗಳಿಕೆ ಅವಳಿಗೆ. ಈಗ ಅತ್ತೆ ಇಲ್ಲ, ಕಾರು ಬಂದಿದೆ.

ತಿಂಗಳಾಗಿರಬಹುದು. ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ, ಅವಳ ಫೋನು.

“ಅಕ್ಕಾ, ಪ್ಲಾಂಟಿನ ಗೇಟಿನಾಗ ಅದೀನಿ. ನಮ್ಮ ಲಾರಿ ವಾಪಸ್ ಹೊಂಟೈತಿ.”

“ಯಾಕ? ಏನಾತು?”

“ಕೊಯ್ಲಿನಾಗ ಹನಿ ಬಿದ್ದಿತ್ತಲ್ಲ, ಒಟ್ಟುವಾಗ ಉಪ್ಪು ಹಾಕಿಬಿಟ್ಟೆ. ಪರೀಕ್ಷೆ ಮಾಡೋರು ಹಿಡದ್ರು. ಉಪ್ಪಿದ್ರ ಗ್ಯಾಸ್ ಮಾಡೋ ಹುಳ ಸಾಯ್ತಾವಂತ. ‘ಇದೇನು ಉಪ್ಪಿನಕಾಯೇನ್ರಿ’ ಅಂದ ಅಕ್ಕಾ ಅವ, ಎಲ್ಲಾರ ಮುಂದ.”

ರೊಟ್ಟಿ ಹಂಚಿನ ಮೇಲೆ ಸೀದಿತು. ಒಳಗೊಳಗೇ ಎಷ್ಟು ಹಾಯೆನಿಸಿತೆಂದರೆ, ಅದನ್ನು ತೆಗೆಯದೆ ಹಾಗೇ ನಿಂತೆ. ಹದವಾದ ಕೈಯಂತೆ! ಅವಳೇ ಮತ್ತೆ ಕೇಳಿದಳು.

“ಕುರುಗೋಡಿನಿಂದ ಊರಿಗಿಂತ ನಿಮ್ಮನಿ ಸನೇ ಆಗ್ತೈತಿ. ಅಲ್ಲೇ ಇಳಿಸಲೇನು?”

“ಇಳಸು. ಪ್ಲಾಂಟಿಗೆ ಬ್ಯಾಡಾದದ್ದು ನಮಗ ಕಳಸು.”

“ಹಂಗನಬ್ಯಾಡಕ್ಕಾ,” ಅಂದಳು.

ಸಂಜೆ ಲಾರಿ ಬಂತು. ಹಿತ್ತಲು ತುಂಬಿ ಪಕ್ಕದ ಮನೆಯವರ ಗೋಡೆಗೂ ಒರಗಿಸಿದೆವು. ಎಮ್ಮೆಗಳು ತಲೆ ಎತ್ತದೆ ತಿಂದವು. ಹದವಾಗಿಯೇ ಬಿದ್ದಿತ್ತು ಉಪ್ಪು. ಅದಕ್ಕೂ ಸಿಟ್ಟು ಬಂತು.

ಆಮೇಲೆ ಅವಳು ಉಪ್ಪು ಮುಟ್ಟಿಸದೆ ಒಟ್ಟಿಸಿದ ಬೇರೆ ಹುಲ್ಲನ್ನು ಪ್ಲಾಂಟಿನವರು ತೆಗೆದುಕೊಂಡರಂತೆ. ಪೇಪರಿನಲ್ಲಿ ಅವಳ ಫೋಟೊ ಬಂತು. ನಮ್ಮ ಯಜಮಾನರು ಅದನ್ನು ಓಣಿಗೆಲ್ಲ ತೋರಿಸಿಕೊಂಡು ಬಂದರು. ಹಾಲು ಕರೆಯುತ್ತಿದ್ದೇನೆಂಬ ನೆವ ಹೇಳಿ ನಾನು ನೋಡಲಿಲ್ಲ. ಅವರು ಹೋದ ಮೇಲೆ ನೋಡಿದೆ.

ಮೊನ್ನೆ ಫೋನು ಮಾಡಿದ್ದಳು. “ಬರೋ ವರ್ಷ ಒಂದು ಬಣವಿ ಬ್ಯಾರೇನ ಒಟ್ಟತೀನಿ ಅಕ್ಕಾ, ಉಪ್ಪು ಹಾಕಿ. ಅದು ನಿಂದು. ಸಂಘದಾಗ ಹೇಳೀನಿ.”

ಎರಡು ಎಮ್ಮೆಯೂ ಉಳಿದಂತಾಯಿತು. “ಆತು” ಅಂದೆ. ನಮಗೊಂದು ಬಣವೆ ಬೇರೆ ಒಟ್ಟು ಎಂದು ನಾನೇ ಮೊದಲು ಬಾಯಿಬಿಟ್ಟು ಕೇಳಿ ಗೊತ್ತುಮಾಡಿಕೊಳ್ಳಬೇಕಿತ್ತು. ಅದನ್ನೂ ಅವಳೇ ಮಾಡಿಬಿಟ್ಟಳು.